ಕದಡಿದ ಜಾಡಿ

ದೊಡ್ಡಕ್ಕನ ಕೈಗಳು ಮೊಣಕೈವರೆಗೆ ಕಪ್ಪು. ಬಿಸಿಲಿನ ಕಪ್ಪಲ್ಲ, ಮಸಿಯ ಕಪ್ಪೂ ಅಲ್ಲ. ಕನ್ನಡಿ ಕಾರ್ಖಾನೆಯ ಬೆಳ್ಳಿ ನೀರು ಚರ್ಮದೊಳಗೆ ಇಳಿದು ಕೂತ ಕಪ್ಪು. ಸೋಪು, ಸೀಮೆಎಣ್ಣೆ, ನಿಂಬೆಹಣ್ಣು ಯಾವುದಕ್ಕೂ ಜಗ್ಗುವುದಿಲ್ಲ. ಹೊಸ ಚರ್ಮ ಬಂದರೆ ಹೋಗುತ್ತದೆ, ಆದರೆ ಹೊಸ ಚರ್ಮ ಬರುವಷ್ಟರಲ್ಲಿ ಮತ್ತೆ ಬೆಳ್ಳಿ ನೀರು ಬಿದ್ದಿರುತ್ತದೆ. ಮೂವತ್ತೊಂದು ವರ್ಷ ಹೀಗೇ. ಬಸ್ಸಿನಲ್ಲಿ ಪಕ್ಕದವರು ಆ ಕೈ ನೋಡಿ ಎದ್ದು ಬೇರೆ ಸೀಟಿಗೆ ಹೋದರೆ ಅವಳು ಚೀಲವನ್ನು ಪಕ್ಕಕ್ಕಿಟ್ಟು ಕಾಲು ಚಾಚಿ ಕೂರುತ್ತಿದ್ದಳು.

ಹೆಸರಿತ್ತು, ಹಾಜರಿ ಪುಸ್ತಕದಲ್ಲಿ. ಉಳಿದಂತೆ ಎಲ್ಲರಿಗೂ ದೊಡ್ಡಕ್ಕ. ಯಜಮಾನ ಅವಳಿಗಿಂತ ಹತ್ತು ವರ್ಷ ದೊಡ್ಡವನು, ಅವನಿಗೂ ದೊಡ್ಡಕ್ಕ. ಅದೇ ಕಾರ್ಖಾನೆಯಲ್ಲಿ ಹನ್ನೆರಡು ವರ್ಷದಿಂದ ಕೆಲಸಕ್ಕಿದ್ದ ತಂಗಿಯನ್ನು ಚಿಕ್ಕವಳು ಅನ್ನುತ್ತಿದ್ದರು. ನಲವತ್ತು ದಾಟಿದರೂ ಚಿಕ್ಕವಳೇ.

ಕೆಲಸ ಕಷ್ಟದ್ದಲ್ಲ, ಎಚ್ಚರದ್ದು. ಗಾಜನ್ನು ಉಜ್ಜಿ ತೊಳೆದು ಮಟ್ಟವಾದ ಮೇಜಿನ ಮೇಲೆ ಮಲಗಿಸಬೇಕು. ಒಂದು ಜಾಡಿಯಲ್ಲಿ ಬೆಳ್ಳಿಯ ಉಪ್ಪು ಕರಗಿಸಿ ಅದಕ್ಕೆ ಅಮೋನಿಯಾ ಬಿಡಬೇಕು. ಮೊದಲು ನೀರು ಕಂದು ಬಣ್ಣಕ್ಕೆ ತಿರುಗಿ ಕದಡುತ್ತದೆ. ಹನಿ ಹನಿಯಾಗಿ ಬಿಡುತ್ತಾ ಹೋದರೆ ಒಂದು ಹೊತ್ತಿನಲ್ಲಿ ಥಟ್ಟನೆ ತಿಳಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಆ ನೀರನ್ನೂ ಸಕ್ಕರೆ ನೀರನ್ನೂ ಸೇರಿಸಿ ಗಾಜಿನ ಮೇಲೆ ಹರಿಸಿದರೆ ಐದು ನಿಮಿಷದಲ್ಲಿ ಬೆಳ್ಳಿ ಕಚ್ಚಿಕೊಂಡು ಚಾವಣಿಯ ಫ್ಯಾನು ಮೇಜಿನೊಳಗೆ ತಿರುಗತೊಡಗುತ್ತದೆ. ಆಮೇಲೆ ಬೆನ್ನಿಗೆ ಬಣ್ಣ ಬಳಿದರೆ ಕನ್ನಡಿ.

ಸಂಜೆ ಉಳಿದ ಬೆಳ್ಳಿ ನೀರನ್ನು ಅಂದೇ ಆಸಿಡ್ ನೀರಿನ ತೊಟ್ಟಿಗೆ ಸುರಿದು ಸಾಯಿಸಬೇಕು. ಮರುದಿನಕ್ಕೆ ಇಡುವಂತಿಲ್ಲ. ಇಟ್ಟರೆ ತಳದಲ್ಲಿ ಕಪ್ಪಗೆ ಕಟ್ಟುತ್ತದೆ, ಆ ಕಪ್ಪು ಸುಮ್ಮನೆ ಅಲುಗಿದರೂ ಸಿಡಿಯುತ್ತದೆ. ಹೊಸಬರು ಬಂದ ದಿನ ನೀರಿನ ನಲ್ಲಿ ಎಲ್ಲಿದೆ, ಪಾಯಿಖಾನೆ ಎಲ್ಲಿದೆ ಅನ್ನುವುದಕ್ಕೂ ಮೊದಲು ಇದನ್ನು ಹೇಳುತ್ತಾರೆ. ಹೇಳುತ್ತಿದ್ದವಳು ದೊಡ್ಡಕ್ಕನೇ.

ಅದೇ ಕಾರ್ಖಾನೆಯ ಮೂಲೆಯಲ್ಲಿ ಗಾಜು ಕೊಯ್ಯುವ ತಾತನ ಮೇಜು. ಹರೆಯದಲ್ಲಿ ಐದಾರು ವರ್ಷ ಸನ್ಯಾಸಿಗಳ ಹಿಂದೆ ತಿರುಗಿ, ಒಪ್ಪೊತ್ತಿನ ಊಟ ಒಗ್ಗದೆ ವಾಪಸು ಬಂದವನು. ಬರುವಾಗ ತಂದದ್ದು ಒಂದು ಚೀಲ ಹೋಲಿಕೆ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅದರಲ್ಲಿ ಒಂದನ್ನು ತೆಗೆಯುತ್ತಿದ್ದ. ಉಳಿದವರಿಗೆ ಅದು ಬಾಯಿ ಚಪ್ಪರಿಸುವ ಹೊತ್ತಿನ ಮಾತು. ದೊಡ್ಡಕ್ಕ ಮಾತ್ರ ಮನೆಗೆ ಒಯ್ದು ಬಳಸುತ್ತಿದ್ದಳು, ಪಕ್ಕದ ಮನೆಯಿಂದ ತಂದ ಸುತ್ತಿಗೆಯ ಹಾಗೆ.

"ಬಾಣ ಬಿದ್ರೆ ನೋವು. ಅದು ಒಂದು," ಎಂದಿದ್ದ ತಾತ. "ನನಗೇ ಯಾಕೆ ಬಿತ್ತು, ಯಾರು ಬಿಟ್ಟರು ಅಂತ ಕೊರಗೋದು ಎರಡನೇ ಬಾಣ. ಅದನ್ನ ಬೇರೆ ಯಾರೂ ಹೊಡಿಯಲ್ಲ, ನಾವೇ ಹೊಡ್ಕೊಳ್ಳೋದು." ದವಡೆ ಹಲ್ಲು ಕೀಳಿಸಿಕೊಂಡ ವಾರ ದೊಡ್ಡಕ್ಕ ಒಂದೇ ಬಾಣದಲ್ಲಿ ಕಳೆದಳು. ನಲವತ್ತು ದಿನದ ಮುಷ್ಕರ ಗೆದ್ದ ಮೇಲೆ ಒಬ್ಬ ಮುಖಂಡ ಹತ್ತು ವರ್ಷ ಅದೇ ಮುಷ್ಕರದ ಕಥೆ ಹೇಳಿಕೊಂಡು ಕಂಡವರ ಹತ್ತಿರ ಚಹಾ ಕುಡಿದ. ತಾತ ಅವನಿಗೆ ತೆಪ್ಪದ ಮಾತು ಹೇಳಿದ: ಹೊಳೆ ದಾಟಿದ ಮೇಲೆ ತೆಪ್ಪ ದಡದಲ್ಲಿ ಬಿಡಬೇಕಪ್ಪ, ತಲೆ ಮೇಲೆ ಹೊತ್ಕೊಂಡು ಪೇಟೆಗೆ ಬರಬಾರದು. ಮುಖಂಡ ಮೂರು ತಿಂಗಳು ಮಾತು ಬಿಟ್ಟ. ದೊಡ್ಡಕ್ಕ ಮಾತ್ರ ಅವತ್ತೇ ಮನೆಗೆ ಹೋಗಿ ತೀರಿಹೋದ ತಾಯಿಯ ಹಳೆಯ ಔಷಧಿ ಬಾಟಲಿಗಳನ್ನೆಲ್ಲ ಗುಡಿಸಿ ಎಸೆದಳು.

ಅವಳಿಗೆ ಎಲ್ಲಕ್ಕಿಂತ ಒದಗಿದ್ದು ಖಾಲಿ ದೋಣಿ. ಹೊಳೆಯಲ್ಲಿ ಹೋಗುವಾಗ ಒಂದು ದೋಣಿ ಬಂದು ನಿನ್ನ ದೋಣಿಗೆ ಬಡಿಯುತ್ತದೆ. ಒಳಗೆ ಯಾರಾದರೂ ಇದ್ದರೆ ಅವನ ವಂಶವನ್ನೆಲ್ಲ ಬೈಯುತ್ತೀಯ. ಯಾರೂ ಇಲ್ಲದಿದ್ದರೆ ಕೋಲಿನಿಂದ ಆಚೆ ತಳ್ಳಿ ಮುಂದೆ ಹೋಗುತ್ತೀಯ. ಬಡಿದ ಪೆಟ್ಟು ಎರಡು ಸಲವೂ ಅಷ್ಟೇ, ಸಿಟ್ಟು ಮಾತ್ರ ಇಲ್ಲ. ಗಂಡ ಅನ್ನಿಸಿಕೊಂಡವನು ಒಂದು ದಿನ ಪೆಟ್ಟಿಗೆ ತೆಗೆದುಕೊಂಡು ಹೋದಾಗ ದೊಡ್ಡಕ್ಕ ಈ ಮಾತನ್ನು ಹಿಡಿದು ದಾಟಿದಳು. ಹೋದದ್ದು ಖಾಲಿ ದೋಣಿ ಎಂದುಕೊಂಡಳು. ಅದು ನಿಜವೂ ಆಗಿತ್ತು, ಅವನ ಕಿಸೆಯಲ್ಲೂ ತಲೆಯಲ್ಲೂ ಏನೂ ಇದ್ದ ನೆನಪಿಲ್ಲ.

"ನಮ್ಮಕ್ಕನ ಹತ್ರ ಎಲ್ಲಕ್ಕೂ ಒಂದು ದೋಣಿ ಇದೆ," ಎಂದು ಚಿಕ್ಕವಳು ಆಡಿಕೊಳ್ಳುತ್ತಿದ್ದಳು. "ಮನೇಲಿ ಮಾತ್ರ ಒಂದು ಬಕೆಟ್ ಇಲ್ಲ."

ಆ ಮಧ್ಯಾಹ್ನ ಜಗಳ ಶುರುವಾದದ್ದು ಬುತ್ತಿಯ ಹೊತ್ತಿಗೆ. ಚಿಕ್ಕವಳು ಎರಡು ಬೀದಿ ಆಚೆ ಬೇರೆ ಕೋಣೆ ನೋಡಿದ್ದಳು. ಒಂದೇ ಕೋಣೆ, ಒಂದು ಕಿಟಕಿ. ಒಬ್ಬಳೇ ಇರುತ್ತೇನೆ ಅಂದಳು.

"ಇಷ್ಟು ವರ್ಷ ನನ್ನ ಜೊತೆ ಏನು ಕಡಿಮೆ ಆಗಿತ್ತು ನಿನಗೆ?" ಎಂದಳು ದೊಡ್ಡಕ್ಕ.

"ನಿದ್ದೆ."

"ನನ್ನ ಗೊರಕೆ ಈಗ ಕೇಳಿಸ್ತಾ?"

"ಅಕ್ಕ, ನಿನ್ನ ಗೊರಕೆಗೆ ಬೀದಿ ನಾಯಿಗಳೇ ಮನೆ ಬದಲಾಯಿಸಿವೆ. ನಾನು ತಡ ಮಾಡಿದೆ."

ಸುತ್ತಲಿನವರು ನಕ್ಕರು. ದೊಡ್ಡಕ್ಕ ನಗಲಿಲ್ಲ. ಬುತ್ತಿ ಮುಚ್ಚಿ ಎದ್ದಳು. ತಾಯಿ ತೀರಿಕೊಂಡಾಗ ಹದಿನಾಲ್ಕು ವರ್ಷದವಳಾಗಿದ್ದ ಈ ಹುಡುಗಿಯನ್ನು ತಾನೇ ಸಾಕಿದ್ದು, ಬಟ್ಟೆ ಒಗೆದದ್ದು, ಜ್ವರಕ್ಕೆ ಎದ್ದು ಕೂತದ್ದು ಎಲ್ಲವೂ ಒಟ್ಟಿಗೆ ಬಾಯಿಗೆ ಬಂತು. ಹೇಳಿದರೆ ಅಗ್ಗ ಆಗುತ್ತದೆ ಎಂದು ನುಂಗಿದಳು.

ತಾತ ಗಾಜಿನ ಮೇಲೆ ಗೆರೆ ಎಳೆಯುತ್ತಲೇ ಅವಳ ಮುಖ ನೋಡಿದ. "ಕದಡಿದ ನೀರಿಗೆ ಕೈ ಹಾಕ್ಬೇಡ ಮಗಳೇ. ಕೈ ಹಾಕಿದಷ್ಟೂ ಕೆಸರು ಏಳುತ್ತೆ. ಒಂದು ಕಡೆ ಇಟ್ಟು ಸುಮ್ಮನೆ ಬಿಡು. ತಾನಾಗೇ ತಿಳಿಯಾಗುತ್ತೆ."

ಒಳ್ಳೆಯ ಮಾತು. ಮನಸ್ಸಿಗೆ ಸರಿಯಾದ ಮಾತು.

ಅವಳು ಮೇಜಿಗೆ ವಾಪಸು ಹೋಗಿ ಹೊಸ ಜಾಡಿ ಕಲಸಿದಳು. ಅಮೋನಿಯಾ ಡಬ್ಬ ಅರ್ಧದಲ್ಲೇ ಬರಿದಾಯಿತು. ನೀರು ಕಂದಾಗಿ ಕದಡಿ ನಿಂತಿತು, ತಿಳಿಯಾಗಲಿಲ್ಲ. ಹೊಸ ಡಬ್ಬ ಬೆಳಿಗ್ಗೆ ಬರುವುದಿತ್ತು. ಬೇರೆ ಯಾವ ದಿನವಾದರೂ ಅವಳು ಜಾಡಿಯನ್ನು ಒಯ್ದು ಸುರಿದು ಬರುತ್ತಿದ್ದಳು. ಆದರೆ ಆಸಿಡ್ ನೀರಿನ ತೊಟ್ಟಿ ಹನ್ನೊಂದು ದಿನದಿಂದ ಬಿರುಕು ಬಿಟ್ಟು ಒಣಗಿತ್ತು. ಯಜಮಾನ ನಾಳೆ ನಾಳೆ ಅನ್ನುತ್ತಿದ್ದ. ಸುರಿಯಬೇಕಾದರೆ ಅಂಗಳ ದಾಟಿ ಹಿಂದಿನ ಶೆಡ್ಡಿನ ಹಳೆಯ ಹಂಡೆಯವರೆಗೆ ನಡೆಯಬೇಕಿತ್ತು. ಆ ಸಂಜೆ ಸುರಿಯುವ ಪಾಳಿ ಚಿಕ್ಕವಳದು. ಅವಳ ಕೈಗೆ ಜಾಡಿ ಕೊಡಲು ದೊಡ್ಡಕ್ಕನಿಗೆ ಮನಸ್ಸಿರಲಿಲ್ಲ. ಕದಡಿದ ಜಾಡಿಯನ್ನು ನೋಡುತ್ತಾ ನಿಂತಳು. ತಾತನ ಮಾತು ಕಿವಿಯಲ್ಲೇ ಇತ್ತು. ಒಂದು ಕಡೆ ಇಟ್ಟು ಸುಮ್ಮನೆ ಬಿಡು.

ಇಟ್ಟಳು. ಬಣ್ಣದ ಡಬ್ಬಗಳ ಹಿಂದೆ, ಬಾಯಿಗೆ ಬಟ್ಟೆ ಮುಚ್ಚಿ. ಬೆಳಿಗ್ಗೆಗೆ ತಿಳಿಯಾಗಿರುತ್ತದೆ ಎಂದುಕೊಂಡಳು. ಮೂವತ್ತೊಂದು ವರ್ಷ ಬಾಯಿಪಾಠವಾಗಿದ್ದ ನಿಯಮ ಒಂದು ಹೋಲಿಕೆಯ ಮುಂದೆ ಸೋತಿತು. ಆ ಹೊತ್ತಿಗೆ ಅವಳಿಗೆ ಜಾಡಿಯೊಳಗಿದ್ದದ್ದು ಬೆಳ್ಳಿಯ ವಿಷವಲ್ಲ, ತನ್ನದೇ ಹೊಟ್ಟೆಯೊಳಗಿನ ಕೆಸರು. ಮರೆತಳು ಅಂದರೆ ಸುಳ್ಳು. ಮರೆಯಲಿಲ್ಲ. ಇಟ್ಟಳು.

ಚಿಕ್ಕವಳು ಕಣ್ಣಿಗೆ ಕಂಡ ಆರು ಜಾಡಿಗಳನ್ನು ಅಂಗಳ ದಾಟಿ ಒಯ್ದು ಸುರಿದು, ತೊಳೆದು, ಹಲಗೆಯ ಮೇಲೆ ಮಗುಚಿಟ್ಟು ಮನೆಗೆ ಹೋದಳು. ಮರುದಿನ ಬೆಳಿಗ್ಗೆ ಮೊದಲು ಒಳಗೆ ಹೋದವಳು ಅವಳೇ. ದೊಡ್ಡಕ್ಕ ಅಂಗಳದ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಳು. ದೊಡ್ಡ ಸದ್ದೇನೂ ಆಗಲಿಲ್ಲ. ಬಾಗಿಲು ಗಾಳಿಗೆ ಬಡಿದಷ್ಟು. ಗಾಜಿನ ಕಾರ್ಖಾನೆ, ದಿನಕ್ಕೆ ನಾಲ್ಕು ಸಲ ಏನಾದರೂ ಒಡೆಯುತ್ತದೆ. ಅವಳು ಇನ್ನೊಂದು ಕೈಯನ್ನೂ ತೊಳೆದೇ ಒಳಗೆ ಹೋದಳು.

ಚಿಕ್ಕವಳು ಡಬ್ಬ ಎಳೆದಾಗ ಹಿಂದಿನ ಜಾಡಿ ಅಲುಗಿ ಸಿಡಿದಿತ್ತು. ಎರಡೂ ಕಣ್ಣು. ಒಂದು ಅಂದೇ, ಇನ್ನೊಂದು ಹತ್ತು ದಿನದ ನಂತರ. ಕೆಲಸದಲ್ಲಿ ಕಣ್ಣಿಗೆ ಏನೂ ಸಿಡಿಯದಂತೆ ಹಾಕುವ ಆರು ಜೊತೆ ಕನ್ನಡಕ ಯಜಮಾನನ ಬೀರುವಿನಲ್ಲಿ ಪೊಟ್ಟಣ ಬಿಚ್ಚದೆ ಇದ್ದವು. ಇನ್ಸ್‌ಪೆಕ್ಟರ್ ಬರುವ ದಿನ ಮಾತ್ರ ಹೊರಗೆ ತೆಗೆಯುತ್ತಿದ್ದ.

ದೊಡ್ಡಕ್ಕ ಅಳಲಿಲ್ಲ. ಅಳಬೇಕಾಗಿತ್ತೇನೋ ಎಂದು ಒಂದೆರಡು ಸಲ ಕಾದು ನೋಡಿದಳು, ಬರಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಎದುರಿನ ಗೋಡೆಯ ಟೈಲುಗಳನ್ನು ಎಣಿಸಿದಳು. ಅಡ್ಡಕ್ಕೆ ಹದಿನಾರು, ಉದ್ದಕ್ಕೆ ಒಂಬತ್ತು, ಮೂಲೆಯಲ್ಲಿ ಒಂದು ಅರ್ಧ. ಚಿಕ್ಕವಳನ್ನು ಮನೆಗೆ ಕರೆತಂದ ಮೇಲೆ ಅವಳಿಗೆ ಬಾಗಿಲು, ಮಂಚ, ನೀರಿನ ಬಿಂದಿಗೆ, ಒಲೆ ಎಲ್ಲಿ ಎಂದು ಹೆಜ್ಜೆ ಎಣಿಸಿ ಕಲಿಸಿದಳು. ತಲೆ ಬಾಚಿದಳು. ಬಟ್ಟೆ ಕೊಟ್ಟಳು. ಕಾರ್ಖಾನೆಗೆ ಹೋಗಿ ಜಾಡಿ ಕಲಸಿದಳು, ಸಂಜೆ ಸುರಿದಳು. ಊಟಕ್ಕೆ ರುಚಿ ಇರಲಿಲ್ಲ. ಉಪ್ಪು ಹೆಚ್ಚಾಯಿತು ಎಂದು ತಂಗಿ ಹೇಳಿದಾಗಲೇ ಗೊತ್ತಾಗುತ್ತಿತ್ತು.

ತಾವರೆ ಎಲೆಯ ಮೇಲೆ ನೀರು ಬಿದ್ದರೂ ಅಂಟುವುದಿಲ್ಲ ಎಂದು ತಾತ ಯಾವಾಗಲೋ ಹೇಳಿದ್ದ. ಈಗ ಅವಳಿಗೆ ಏನೂ ಅಂಟುತ್ತಿರಲಿಲ್ಲ. ಎಷ್ಟು ಗಟ್ಟಿ ಹೆಂಗಸು ಎಂದು ನೆರೆಯವರು ಮೆಚ್ಚಿದರು. ಅವಳೂ ಸ್ವಲ್ಪ ದಿನ ನಂಬಿದಳು, ಇದೇ ಶಾಂತಿ ಇರಬಹುದು ಎಂದು. ಮರಗಟ್ಟಿದ ಕಾಲಿಗೂ ನೋವಿರುವುದಿಲ್ಲ, ಅದನ್ನು ಯಾರೂ ಶಾಂತಿ ಅನ್ನುವುದಿಲ್ಲ.

ಚಿಕ್ಕವಳಿಗೆ ಒಂದೇ ಪ್ರಶ್ನೆ.

"ಅಕ್ಕ, ಅದು ಯಾವ ಜಾಡಿ?"

"ಯಾವುದೋ ಒಂದು."

"ಬಟ್ಟೆ ಮುಚ್ಚಿತ್ತು. ಡಬ್ಬದ ಹಿಂದೆ. ನಾನು ಬಟ್ಟೆ ಮುಚ್ಚಿಡಲ್ಲ."

"ಬಿಡು ಈಗ. ಖಾಲಿ ದೋಣಿ ಅಂದ್ಕೊ. ಬಂತು, ಬಡಿತು."

"ಹೂಂ. ದೋಣಿ," ಎಂದು ಅವಳು ಗೋಡೆಯ ಕಡೆ ಹೊರಳುತ್ತಿದ್ದಳು. ಮರುದಿನ ಮತ್ತೆ ಅದೇ. ಬೆರಳು ಮಡಚುತ್ತಾ ಆ ಸಂಜೆಯನ್ನು ಮೊದಲಿನಿಂದ ಹೇಳುತ್ತಿದ್ದಳು. ಕಿಟಕಿ ಹತ್ತಿರದ ಎರಡು ಜಾಡಿ ಸುರಿದೆ. ಮೇಜಿನ ಕೆಳಗಿನ ಮೂರು ಸುರಿದೆ. ಸಕ್ಕರೆ ನೀರಿನ ಪಕ್ಕದ್ದು ಒಂದು. ಕೊನೆಯದು ಒಯ್ಯುವಾಗ ಅಂಗಳದಲ್ಲಿ ಚಪ್ಪಲಿ ಕಿತ್ತುಹೋಯಿತು. ಅಷ್ಟರ ತನಕ ಸರಿ. ಆಮೇಲೆ ಏಳನೆಯದರ ಹತ್ತಿರ ಬಂದು ನಿಲ್ಲುತ್ತಿದ್ದಳು.

ಮೂರನೆಯ ತಿಂಗಳಿಗೆ ಕಾರ್ಖಾನೆಯಿಂದ ತನಿಖೆಗೆ ಕೊಟ್ಟ ವರದಿಯ ಪ್ರತಿ ಬಂತು. ದೊಡ್ಡಕ್ಕ ಓದಿ ಹೇಳಿದಳು. ಪಾಳಿ ಪಟ್ಟಿಯ ಪ್ರಕಾರ ಸದರಿ ದಿನ ಉಳಿದ ದ್ರಾವಣ ಸುರಿಯುವ ಹೊಣೆ ಗಾಯಗೊಂಡ ಕೆಲಸಗಾರ್ತಿಯದೇ ಆಗಿದ್ದು, ಆಕೆಯ ಮರೆವೇ ಅವಘಡಕ್ಕೆ ಕಾರಣವಾಗಿರುತ್ತದೆ. ಗುರುವಾರ ವಿಚಾರಣೆ, ಅಂದೇ ಕಡತ ಮುಕ್ತಾಯ.

ಚಿಕ್ಕವಳು ಆ ಸಂಜೆಯನ್ನು ಮತ್ತೊಮ್ಮೆ ಬೆರಳಲ್ಲಿ ಎಣಿಸಿದಳು. ಆಮೇಲೆ ನಿಧಾನವಾಗಿ ಹೇಳಿದಳು. "ನಾನೇ ಮರೆತಿರಬೇಕು ಅಕ್ಕ. ಮೊದಮೊದಲು ನೆನಪು ಸ್ಪಷ್ಟ ಇತ್ತು. ಈಗ ಏಳನೇ ಜಾಡಿಗೆ ನಾನೇ ಬಟ್ಟೆ ಮುಚ್ಚಿದ ಹಾಗೂ ಕಾಣಿಸ್ತಿದೆ. ಕಣ್ಣಿಲ್ದಿದ್ರೆ ತಲೇಲಿ ಬೇಕಾದ್ದೆಲ್ಲ ಕಾಣಿಸುತ್ತೆ. ಗುರುವಾರ ಮರೆತೆ ಅಂತ ಹೇಳಿಬಿಡ್ತೀನಿ. ಈ ಎಣಿಕೆ ಆದ್ರೂ ನಿಲ್ಲುತ್ತೆ."

"ಹಾಗೆ ಹೇಳ್ಬೇಡ."

"ಮತ್ತೇನು ಹೇಳ್ಲಿ? ದೋಣಿ ಖಾಲಿ ಅಂತ ನೀನು ಹೇಳ್ತೀಯ. ಅವರು ನನ್ನನ್ನ ಅದರೊಳಗೆ ಕೂರಿಸಿ ಆಯ್ತಲ್ಲ."

ದೊಡ್ಡಕ್ಕ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಡಬ್ಬದ ಕೆಳಗಿಟ್ಟಳು. ಕಣ್ಣು ಹೋದದ್ದು ಹೋಯಿತು. ಈಗ ಚಿಕ್ಕವಳಿಗೆ ತನ್ನ ನೆನಪಿನ ಮೇಲಿದ್ದ ನಂಬಿಕೆಯೂ ಹೋಗುತ್ತಿತ್ತು. ಕತ್ತಲಲ್ಲಿ ಇರುವವರ ಹತ್ತಿರ ಉಳಿದಿರುವುದು ಅದೊಂದೇ: ಬಾಗಿಲು ಎಂಟು ಹೆಜ್ಜೆ ಅಂದರೆ ಎಂಟೇ ಹೆಜ್ಜೆ ಅನ್ನುವ ಧೈರ್ಯ. ಗುರುವಾರದ ನಂತರ ಅದೂ ಇರುವುದಿಲ್ಲ.

ಬುಧವಾರ ಮಧ್ಯಾಹ್ನ ಅವಳು ತಾತನ ಮೇಜಿನ ಹತ್ತಿರ ಹೋಗಿ ನಿಂತಳು. ತಾತ ಉದ್ದದ ಗಾಜಿನ ಮೇಲೆ ಗೆರೆ ಎಳೆದು, ಅಂಚಿಗೆ ತಂದು, ಮೆಲ್ಲಗೆ ತಟ್ಟಿ ಎರಡು ಮಾಡಿದ.

"ಒಂದು ಹೋಲಿಕೆ ಬೇಕಾಗಿತ್ತು ತಾತ."

"ಅಂಗಡಿ ಇಟ್ಟಿದೀನಾ ನಾನು? ಎಷ್ಟು ಉದ್ದದ್ದು ಬೇಕು?"

ಅವಳು ಜಾಡಿಯ ವಿಷಯ ಹೇಳಿದಳು. ಎಲ್ಲಿ ಇಟ್ಟೆ, ಯಾಕೆ ಇಟ್ಟೆ, ಯಾರ ಮಾತು ಕಿವಿಯಲ್ಲಿತ್ತು. ಬಸ್ಸಿನ ವೇಳೆ ಹೇಳುವ ದನಿಯಲ್ಲಿ ಹೇಳಿದಳು. ತಾತನ ಕೈಯಲ್ಲಿದ್ದ ಕೊಯ್ಯುವ ಕಡ್ಡಿ ಮೇಜಿನ ಮೇಲೆ ಇಳಿಯಿತು.

"ಅದು ಮನಸ್ಸಿಗೆ ಹೇಳಿದ್ದು ಮಗಳೇ," ಎಂದ. "ಜಾಡಿಗೆ ಅಲ್ಲ."

"ಗೊತ್ತು. ಆವಾಗ ನನಗೆ ಎರಡೂ ಒಂದೇ ಆಗಿತ್ತು."

"ಕೆಸರು ನೀರು ಬೇರೆ, ಬೆಳ್ಳಿ ನೀರು ಬೇರೆ. ಒಂದನ್ನ ಬಿಡ್ಬೇಕು, ಇನ್ನೊಂದನ್ನ ಅವತ್ತೇ ಚೆಲ್ಬೇಕು. ಇಷ್ಟು ವರ್ಷ ಇಲ್ಲಿ ಕೂತು ನಾನೂ ಅದನ್ನ ಹೇಳ್ಲಿಲ್ಲ ನೋಡು." ಅವನು ಗಾಜಿನ ಪುಡಿಯನ್ನು ಬ್ರಷ್ಷಿನಿಂದ ಒಂದು ಕಡೆ ತಳ್ಳಿದ, ಮತ್ತೆ ಇನ್ನೊಂದು ಕಡೆ ತಳ್ಳಿದ. "ಅವಳಿಗೆ ಏನಂತ ಹೇಳಿದೀಯ?"

"ಖಾಲಿ ದೋಣಿ ಅಂತ."

"ಆ ಕಥೆ ನೀನು ಪೂರ್ತಿ ಕೇಳಿಲ್ಲ. ದೋಣಿ ಬಡಿದಾಗ ಅವನು ಮೊದಲು ಎದ್ದು ನಿಂತು ಒಳಗೆ ಇಣುಕಿ ನೋಡ್ತಾನೆ. ನೋಡಿದ ಮೇಲೆ ಸಿಟ್ಟು ಬಿಡ್ತಾನೆ. ನೋಡದೇನೇ ಖಾಲಿ ಅಂದ್ಕೊ ಅಂತ ಯಾರೂ ಹೇಳಿಲ್ಲ. ಒಳಗೆ ಕೂತಿರೋನೇ ಎದ್ದು, ಖಾಲಿ ಕಣಪ್ಪ ಅಂತ ಕೂಗಿದ್ರೆ ಅದು ಬೇರೆ ವ್ಯಾಪಾರ."

ದೊಡ್ಡಕ್ಕ ತಲೆಯಾಡಿಸಿದಳು.

"ಈಗ ಇದಕ್ಕೆ ಯಾವುದು?" ಎಂದು ಕೇಳಿದಳು.

"ಇದಕ್ಕೆ ನನ್ನ ಹತ್ರ ಇಲ್ಲ," ಎಂದ ತಾತ. "ಇದಕ್ಕೆ ಹೋಲಿಕೆ ಬೇಡ. ಆದದ್ದನ್ನ ಆದ ಹಾಗೆ ಹೇಳು." ಮುಂದಿನ ಗಾಜು ಎಳೆದುಕೊಂಡ. ಗೆರೆ ಸೊಟ್ಟಗಾಯಿತು. ಐವತ್ತು ವರ್ಷ ಗಾಜು ಕೊಯ್ದ ಕೈ ಅದು.

ಗುರುವಾರ ವಿಚಾರಣೆಯ ಕಚೇರಿಯ ಮಹಡಿಯಲ್ಲಿ ಇಬ್ಬರೂ ಬೆಂಚಿನ ಮೇಲೆ ಕೂತರು. ಬುಧವಾರ ಸಂಜೆ ಹೇಳಬೇಕೆಂದಿದ್ದಳು, ಹೇಳಲಿಲ್ಲ. ಬೆಳಿಗ್ಗೆ ಜಡೆ ಹಾಕುವಾಗ ಹೇಳಬೇಕೆಂದಿದ್ದಳು, ಆಗಲೂ ಇಲ್ಲ. ಬಸ್ಸಿನಲ್ಲಿ ಜನ ಇದ್ದರು. ಹೇಡಿತನಕ್ಕೆ ಯಾವಾಗಲೂ ಒಂದು ಒಳ್ಳೆಯ ಕಾರಣ ಇರುತ್ತದೆ. ಒಳಗಿನಿಂದ ಯಜಮಾನನ ಕೆಮ್ಮು ಕೇಳಿಸುತ್ತಿತ್ತು. ಜವಾನ ಬಾಗಿಲಿಗೆ ಬಂದು, ಇನ್ನೈದು ನಿಮಿಷ ಅಂದ.

"ಏಳನೇ ಜಾಡಿ ನಂದು," ಎಂದಳು ದೊಡ್ಡಕ್ಕ.

ಚಿಕ್ಕವಳು ಮುಖ ತಿರುಗಿಸಲಿಲ್ಲ. ತಿರುಗಿಸುವ ಅಭ್ಯಾಸ ತಪ್ಪಿ ಹೋಗಿತ್ತು.

"ಏನು?"

"ಬಟ್ಟೆ ಮುಚ್ಚಿದ್ದು ನಾನು. ಡಬ್ಬದ ಹಿಂದೆ ಇಟ್ಟಿದ್ದು ನಾನು. ಕದಡಿತ್ತು, ಬೆಳಿಗ್ಗೆಗೆ ತಿಳಿಯಾಗ್ಲಿ ಅಂತ ಇಟ್ಟೆ. ನಿನ್ನ ಮೇಲೆ ಸಿಟ್ಟಿತ್ತು, ನಿನ್ನ ಕೈಗೆ ಕೊಡಲಿಲ್ಲ."

ಮೆಟ್ಟಿಲಲ್ಲಿ ಯಾರೋ ಕಡತದ ಗಂಟು ಹೊತ್ತು ಹೋದರು. ಚಿಕ್ಕವಳು ಬೆಂಚಿನ ಅಂಚನ್ನು ಹಿಡಿದುಕೊಂಡಳು.

"ಮರೆತು ಇಟ್ಟೆಯಾ?"

"ಇಲ್ಲ. ನಿಯಮ ಗೊತ್ತಿತ್ತು. ಇಟ್ಟೆ."

"ನಾನು ಎಷ್ಟು ಸುರಿದಿದ್ದೆ?"

"ಆರು. ಬೆಳಿಗ್ಗೆ ನಾನೇ ನೋಡಿದೆ. ಆರೂ ಹಲಗೆ ಮೇಲೆ ಮಗುಚಿದ್ದವು."

"ಚಪ್ಪಲಿ ಕಿತ್ತಿದ್ದು?"

"ಅಂಗಳದಲ್ಲೇ ಬಿದ್ದಿತ್ತು. ಬಾರು ಕಿತ್ತದ್ದು. ನಾನು ಎತ್ತಿ ಬಾಗಿಲ ಹತ್ರ ಇಟ್ಟೆ."

"ಆರು," ಎಂದಳು ಚಿಕ್ಕವಳು. ಆಮೇಲೆ ತನ್ನ ಜಡೆಯನ್ನು ಮುಂದಕ್ಕೆ ಎಳೆದುಕೊಂಡು, "ಮೂರು ತಿಂಗಳು ನಾನು ಬೆರಳು ಮಡಚೋದನ್ನ ನೋಡ್ತಾ ಕೂತಿದ್ದೆಯಲ್ಲ ಅಕ್ಕ. ದಿನಾ ಜಡೆ ಹಾಕ್ತಾ."

ಬೈಯಲಿ ಎಂದು ದೊಡ್ಡಕ್ಕ ಕಾದಳು. ಚಿಕ್ಕವಳು ಬೈಯಲಿಲ್ಲ. ಅಳಲೂ ಇಲ್ಲ. ಇಬ್ಬರೂ ಒಂದೇ ತಾಯಿಯ ಮಕ್ಕಳು.

ಜವಾನ ಕರೆದ.

ಒಳಗೆ ಉದ್ದನೆಯ ಮೇಜು, ಫ್ಯಾನು, ನೆಗಡಿಯಾದ ಅಧಿಕಾರಿ. ಯಜಮಾನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದ. ಚಿಕ್ಕವಳು ಬಾಯಿ ತೆರೆಯುವ ಮೊದಲೇ ದೊಡ್ಡಕ್ಕ ನಿಂತುಕೊಂಡೇ ಹೇಳಿದಳು. ಜಾಡಿ ತನ್ನದು. ಇಟ್ಟವಳು ತಾನು. ಅಧಿಕಾರಿ ಮೂಗು ಒರೆಸಿಕೊಂಡು ಪೆನ್ನು ತೆರೆದ.

"ಯಾಕಮ್ಮಾ ಇಟ್ಟಿದ್ದು? ನಿಯಮ ಗೊತ್ತಿರಲಿಲ್ವಾ?"

"ಗೊತ್ತಿತ್ತು ಸಾರ್."

"ಯಾರಾದ್ರೂ ಇಡೋಕೆ ಹೇಳಿದ್ರಾ?"

"ಯಾರೂ ಹೇಳ್ಲಿಲ್ಲ. ಸುರಿಯೋ ತೊಟ್ಟಿ ಒಡೆದು ಹನ್ನೊಂದು ದಿನ ಆಗಿತ್ತು. ಅಮೋನಿಯಾ ಖಾಲಿ ಆಗಿತ್ತು. ಆದ್ರೂ ನಡ್ಕೊಂಡು ಹೋಗಿ ಸುರಿಬಹುದಿತ್ತು. ನಾನು ಸುರಿಯಲಿಲ್ಲ."

ಯಜಮಾನ ಕುರ್ಚಿಯಲ್ಲಿ ಮುಂದಕ್ಕೆ ಬಂದ. "ನೋಡಿ ಸಾರ್, ಅವರೇ ಒಪ್ಕೊಂಡ್ರು. ಪಾಪ, ದೊಡ್ಡಕ್ಕ ನಿಯತ್ತಿನ ಹೆಂಗಸು. ಅಕ್ಕನೋ ತಂಗಿಯೋ, ಒಟ್ಟು ಕೆಲಸಗಾರರ ತಪ್ಪು ಅಂತ ಆಯ್ತು. ಕಡತ ಮುಗಿಸಿಬಿಡಿ."

ಅಧಿಕಾರಿಗೂ ಅದೇ ಬೇಕಿತ್ತು. ನಮೂನೆಯಲ್ಲಿ 'ಕಾರಣ' ಎಂಬುದರ ಮುಂದೆ ಒಂದೇ ಗೆರೆ ಜಾಗ. ಮೊದಲು ಬರೆದಿದ್ದ ಹೆಸರನ್ನು ಹೊಡೆದು ಹಾಕಿ ಅದರ ಮೇಲೆ ಇನ್ನೊಂದು ಹೆಸರು ಬರೆಯತೊಡಗಿದ. ಪೆನ್ನಿನ ಸದ್ದು ಚಿಕ್ಕವಳಿಗೆ ಕೇಳಿಸಿತು.

"ಏನು ಬರೀತಿದೀರಿ ಸಾರ್?"

"ನಿಮ್ಮಕ್ಕನ ಹೆಸರಮ್ಮಾ."

"ಬರೀರಿ. ಇಟ್ಟಿದ್ದು ಅವಳೇ, ನಾನೇನೂ ಬೇಡ ಅನ್ನಲ್ಲ." ದನಿಯಲ್ಲಿ ಏರಿಳಿತ ಇರಲಿಲ್ಲ. "ಅದರ ಪಕ್ಕ ತೊಟ್ಟಿ ಒಡೆದ ದಿನಾನೂ ಬರೀರಿ. ಕಣ್ಣಿಗೆ ಹಾಕೋ ಕನ್ನಡಕ ಯಾರ ಬೀರುವಿನಲ್ಲಿ ಇತ್ತು ಅಂತ ಬರೀರಿ. ಹೋದ ವರ್ಷ ನೀವು ಬಂದಾಗ ಹಾಕ್ಕೊಂಡಿದ್ವಲ್ಲ ಸಾರ್, ನೀವು ಹೋಗುತ್ಲೇ ವಾಪಸ್ ಇಸ್ಕೊಂಡ್ರು. ಅಮೋನಿಯಾ ತರಿಸಬೇಕಾದವರು ಯಾರು ಅಂತ ಬರೀರಿ."

"ಇಲ್ಲಿ ಜಾಗ ಇಲ್ಲಮ್ಮಾ."

"ಹಾಳೆಗೆ ಇನ್ನೊಂದು ಮಗ್ಗುಲು ಇಲ್ವಾ?"

ಯಜಮಾನ ಏನೋ ಹೇಳಲು ಹೋದ. ಅಧಿಕಾರಿ ಕೈ ಎತ್ತಿದ. ಹೋದ ವರ್ಷದ ಭೇಟಿಯ ಮಾತು ಬಂದದ್ದು ಅವನಿಗೆ ಹಿಡಿಸಲಿಲ್ಲ, ಆದರೆ ಬಾಗಿಲ ಬಳಿ ಜವಾನ ನಿಂತು ಕೇಳುತ್ತಿದ್ದ, ಹೊರಗೆ ಬೆಂಚಿನ ಮೇಲೆ ಬೇರೆ ಕಾರ್ಖಾನೆಯ ನಾಲ್ಕು ಜನ ಇದ್ದರು. ಹಾಳೆ ಮಗುಚಿದ. ಬಹಳ ಹೊತ್ತು ಬರೆದ. ದೊಡ್ಡಕ್ಕ ನಿಂತೇ ಇದ್ದಳು; ಕೂರು ಎಂದು ಯಾರೂ ಹೇಳಲಿಲ್ಲ, ಅವಳಿಗೂ ಕಾಲು ಇರುವುದು ಗೊತ್ತಾಗುತ್ತಿರಲಿಲ್ಲ. ತನ್ನ ಹೆಸರು ಹಾಳೆಯ ಮುಂದಿನ ಮಗ್ಗುಲಲ್ಲಿ ಇದೆ, ಉಳಿದವು ಹಿಂದಿನ ಮಗ್ಗುಲಲ್ಲಿ ಇವೆ ಎಂದು ನೋಡಿಕೊಂಡಳು. ಅದು ಸರಿ ಅನಿಸಲಿಲ್ಲ, ತಪ್ಪೂ ಅನಿಸಲಿಲ್ಲ. ನಾಳೆಯಿಂದ ಕೆಲಸ ಇರುವುದಿಲ್ಲ ಅನ್ನುವುದು ಹೊಳೆಯಿತು. ಅದೂ ಬೇರೆ ಯಾರದೋ ಸುದ್ದಿಯ ಹಾಗೆ ಬಂದು ಹೋಯಿತು.

"ಕೊನೆಗೆ ಇನ್ನೊಂದು," ಎಂದಳು ಚಿಕ್ಕವಳು. "ಪಾಳಿಯವಳು ತನಗೆ ಕಂಡ ಆರು ಜಾಡಿಗಳನ್ನೂ ಸುರಿದಿದ್ದಳು. ಅದನ್ನ ಬರೀರಿ."

ಬರೆದ.

"ಓದಿ ಸಾರ್."

ಅಧಿಕಾರಿ ಮೂಗು ಎಳೆದುಕೊಂಡು ಓದಿದ. ಸದರಿ ದಿನದ ಪಾಳಿಯ ಕೆಲಸಗಾರ್ತಿಯು ತನ್ನ ಗಮನಕ್ಕೆ ಬಂದ ಆರು ಜಾಡಿಗಳ ದ್ರಾವಣವನ್ನೂ ನಿಯಮದಂತೆ ಸುರಿದಿರುವುದು ಕಂಡುಬಂದಿದೆ.

"ಇನ್ನೊಂದು ಸಲ."

ಇನ್ನೊಂದು ಸಲ ಓದಿದ. ಚಿಕ್ಕವಳು ಕೇಳುತ್ತಾ ಬೆರಳು ಮಡಚಿದಳು. ಆರನೆಯ ಬೆರಳಿಗೆ ನಿಲ್ಲಿಸಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು.

ಹೆಬ್ಬೆಟ್ಟು, ಸಹಿ ಎಲ್ಲ ಆಯಿತು. ದೊಡ್ಡಕ್ಕ ಎಂದಿನಂತೆ ಹತ್ತಿರ ಹೋಗಿ ಮೊಣಕೈ ಮುಂದೆ ಮಾಡಿದಳು. ಚಿಕ್ಕವಳು ಅಮೋನಿಯಾದ ಘಾಟಿನಿಂದಲೇ ಅದು ಯಾರ ತೋಳು ಎಂದು ತಿಳಿದಳು. ಹಿಡಿಯಲಿಲ್ಲ.

"ಜವಾನಣ್ಣ ಇದಾರಾ? ಸ್ವಲ್ಪ ಮೆಟ್ಟಿಲು ಇಳಿಸಿಕೊಡಿ."

"ಎಷ್ಟು ಮೆಟ್ಟಿಲು ಅಂತ ಹೇಳ್ಬೇಕಾ ತಾಯಿ?" ಎಂದ ಜವಾನ.

"ಬೇಡ. ಹತ್ತುವಾಗ ಎಣಿಸಿದೀನಿ. ಇಪ್ಪತ್ತೆರಡು. ಹನ್ನೆರಡಾದ ಮೇಲೆ ತಿರುವು."

"ಹೌದು ನೋಡಿ, ಸರಿಯಾಗಿದೆ."

ಅವರಿಬ್ಬರೂ ಇಳಿದರು. ದೊಡ್ಡಕ್ಕ ಎರಡು ಮೆಟ್ಟಿಲು ಹಿಂದೆ ಇಳಿದಳು. ಕೆಳಗೆ ಬೀದಿಯಲ್ಲಿ ಬಿಸಿಲಿತ್ತು, ಬಸ್ಸು ಬರಲು ಇನ್ನೂ ಹೊತ್ತಿತ್ತು. ಜವಾನ ಚಿಕ್ಕವಳನ್ನು ನಿಲ್ದಾಣದ ಕಂಬದ ಹತ್ತಿರ ನಿಲ್ಲಿಸಿ ಹೋದ. ದೊಡ್ಡಕ್ಕ ಕಂಬದ ಈಚೆ ನಿಂತಳು.

"ಬಂದೆಯಾ?" ಎಂದಳು ಚಿಕ್ಕವಳು, ರಸ್ತೆಯ ಕಡೆಗೇ ಮುಖ ಮಾಡಿ.

"ಬಂದೆ."

"ಬಸ್ ಬಂದ್ರೆ ನಂಬರ್ ಹೇಳು. ಬೇರೆ ಏನೂ ಹೇಳ್ಬೇಡ."

ಮೊದಲ ಬಸ್ಸು ಬಂತು. ದೊಡ್ಡಕ್ಕ ನಂಬರ್ ಹೇಳಿದಳು. ಅದು ಅವರದಲ್ಲ.